ಕೊಪಣನಾಡಿನ ಎರೆ, ಮಸಾರಿ ಮತ್ತು ಸವುಳು

೧

ಕನ್ನಡ ಶಾಸನಗಳಲ್ಲಿ ಭೂದಾನದ ಭಾಗವು ಬಂದೊಡನೆ ಭಾಷೆಯ ನಡೆಯೇ ಬದಲಾಗುವುದು. ರಾಜಪ್ರಶಸ್ತಿಯ ಸಂಸ್ಕೃತ ಸಮಾಸಗಳು ಅಲ್ಲಿಗೆ ನಿಂತು, ಹಳ್ಳ, ಹುತ್ತ, ಹುಣಿಸೆಯ ಮರ, ನಟ್ಟ ಕಲ್ಲು, ಊರಿಗೆ ಹೋಗುವ ಬಟ್ಟೆ ಮೊದಲಾದ ದೇಶ್ಯಪದಗಳು ತಲೆದೋರುವುವು. ದತ್ತಿಯಾಗಿ ಬಿಟ್ಟ ಹೊಲವು ಎಂತಹುದೆಂಬುದನ್ನು ತಿಳಿಸುವ ಮಾತುಗಳೂ ಈ ಭಾಗದಲ್ಲಿಯೇ ದೊರೆಯುವುವು. ಗದ್ದೆ ಬೆದ್ದಲುಗಳೆಂಬ ಭೇದವು ನೀರನ್ನು ಕುರಿತದ್ದು. ಎರೆ, ಕಿಸು ಎಂಬ ಭೇದವು ಮಣ್ಣನ್ನು ಕುರಿತದ್ದು. ಎರೆಯೆಂದರೆ ಕರಿಯ ನೆಲ, ಕಿಸುವೆಂದರೆ ಕೆಂಪು. ಇಷ್ಟು ಮತ್ತರು ಎರೆ, ಇಷ್ಟು ಮತ್ತರು ಕೆಂಗಾಡು ಎಂದು ಬೇರೆಬೇರೆಯಾಗಿ ಎಣಿಸಿ ಹೇಳುವ ಪದ್ಧತಿಯನ್ನು ನೋಡಿದರೆ, ಈ ಭೇದವು ಬರಿಯ ವರ್ಣನೆಯಲ್ಲ, ಬೆಲೆಯನ್ನೂ ಕಂದಾಯವನ್ನೂ ನಿರ್ಣಯಿಸುತ್ತಿದ್ದ ವ್ಯಾವಹಾರಿಕ ಭೇದವೆಂಬುದು ಸ್ಪಷ್ಟವಾಗುವುದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಈ ಭೇದವು ಇಂದಿಗೂ ಎದ್ದು ಕಾಣುವುದು. ಹೈದರಾಬಾದ್ ಸಂಸ್ಥಾನದಲ್ಲಿದ್ದು, ಅನಂತರ ರಾಯಚೂರು ಜಿಲ್ಲೆಯ ಭಾಗವಾಗಿ, ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯೆಂದು ಬೇರ್ಪಟ್ಟ ಈ ಪ್ರದೇಶದ ಒಕ್ಕಲಿಗರು ಕರಿಯ ಹೊಲವನ್ನು ಎರೆಯೆಂದೂ ಕೆಂಪು ಹೊಲವನ್ನು ಮಸಾರಿಯೆಂದೂ ಉಪ್ಪೆದ್ದ ಹೊಲವನ್ನು ಸವುಳೆಂದೂ ಕರೆಯುತ್ತಾರೆ. ಯಲಬುರ್ಗಾ ಕಡೆಯ ಪಶ್ಚಿಮದ ಬಯಲು ಎರೆಗೆ ಹೆಸರಾದುದು. ಕುಷ್ಟಗಿಯ ದಿನ್ನೆಗಳಲ್ಲಿ ಮಸಾರಿಯೇ ಹೆಚ್ಚು. ಕೊಪ್ಪಳದಲ್ಲಿ ಎರಡೂ ಬೆರೆತಿವೆ. ಗಂಗಾವತಿಯಲ್ಲಿ ನದಿಯ ದಂಡೆಯ ಮೆಕ್ಕಲು, ಒಳನಾಡಿನ ಎರೆ, ಈಚೆಗೆ ಹಬ್ಬಿದ ಸವುಳು ಮೂರೂ ಕಂಡುಬರುತ್ತವೆ.

ಪ್ರಾಚೀನ ನಾಡುಗಳ ಹೆಸರುಗಳಲ್ಲಿಯೂ ಈ ಬಣ್ಣದ ಜ್ಞಾನವು ಅಡಗಿರುವಂತೆ ತೋರುವುದು. ಕವಿರಾಜಮಾರ್ಗಕಾರನು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು, ಕಿಸುವೊಳಲೂ ಒಂದು. ಕಿಸುವೊಳಲೆಂದರೆ ಕೆಂಪು ಪಟ್ಟಣ. ಅದು ಇಂದಿನ ಪಟ್ಟದಕಲ್ಲು. ಅದರ ಸುತ್ತಣ ಕಿಸುಕಾಡು ಎಪ್ಪತ್ತು ಎಂಬ ನಾಡು ಕೆಂಗಾಡೆಂಬ ಅರ್ಥವನ್ನೇ ಹೊತ್ತಿದೆ. ಹನ್ನೆರಡನೆಯ ಶತಮಾನದಲ್ಲಿ ಎರಂಬರಗೆಯಿಂದ, ಎಂದರೆ ಇಂದಿನ ಯಲಬುರ್ಗೆಯಿಂದ, ಆಳುತ್ತಿದ್ದ ಸಿಂದರ ವಶದಲ್ಲಿ ಕಿಸುಕಾಡು ಎಪ್ಪತ್ತು, ಬಾಗಡಗೆ ಎಪ್ಪತ್ತು, ಕೆಳವಾಡಿ ಮುನ್ನೂರು, ನರೆಯಂಗಲ್ ಹನ್ನೆರಡು ಎಂಬ ನಾಡುಗಳಿದ್ದುವು. ಕ್ರಿ. ಶ. ೧೧೧೨ರಲ್ಲಿ ಮಹಾದೇವ ದಂಡನಾಯಕನು ದೇವಾಲಯವನ್ನು ಕಟ್ಟಿಸಿದ ಇಟಗಿಯು ಬೆಳ್ವೊಲ ಮುನ್ನೂರಕ್ಕೆ ಸೇರಿದ್ದಿತು. ಬೆಳ್ವೊಲವೆಂಬುದನ್ನು ಬೆಳೆಯ ಹೊಲವೆಂದು ಅರ್ಥೈಸುವುದು ವಾಡಿಕೆ. ಆದರೆ ಕೇವಲ ಶಬ್ದಸಾಮ್ಯವನ್ನು ನಂಬಿ ಎರಂಬರಗೆಯಲ್ಲಿ ಎರೆಯನ್ನು ಕಾಣಹೊರಡುವುದು ಯುಕ್ತವಲ್ಲ. ಹೆಸರು ಸೂಚನೆಯನ್ನು ಕೊಡಬಹುದು. ಪ್ರಮಾಣವನ್ನು ಮಣ್ಣಿನಲ್ಲಿಯೇ ಹುಡುಕಬೇಕು.

ಇಲ್ಲಿ ವಿಚಾರಿಸತಕ್ಕ ಪ್ರಶ್ನೆಯು ಇದು: ಎರೆ ಮತ್ತು ಮಸಾರಿ ಎಂಬವು ಹುಟ್ಟಿನಿಂದಲೇ ಬೇರೆಯಾದ ಎರಡು ಮಣ್ಣುಗಳೋ, ಅಥವಾ ಒಂದೇ ಮೂಲದ ಎರಡು ಪರಿಣಾಮಗಳೋ? ಸವುಳೆಂಬುದು ಇವೆರಡರ ಹೊರಗಿನದೋ, ಒಳಗಿನದೋ? ಈ ಪ್ರಶ್ನೆಗೆ ದೊರೆಯುವ ಉತ್ತರದ ಮೇಲೆ ಶಾಸನಗಳ ಭೂಮಿವಿಚಾರವನ್ನು ಓದುವ ಕ್ರಮವೂ ಗಂಗಾವತಿಯ ಇಂದಿನ ಗದ್ದೆಗಳ ಭವಿಷ್ಯವೂ ಸ್ವಲ್ಪಮಟ್ಟಿಗೆ ಅವಲಂಬಿಸಿವೆ.

೨

ಕರಿಯ ಮಣ್ಣು ಬಸಾಲ್ಟ್ ಶಿಲೆಯಿಂದ ಹುಟ್ಟಿದುದು, ಕೆಂಪು ಮಣ್ಣು ಗ್ರಾನೈಟಿನಿಂದ ಹುಟ್ಟಿದುದು ಎಂಬ ಮಾತು ಶಾಲೆಯ ಭೂಗೋಳಪುಸ್ತಕಗಳ ಮೂಲಕ ಎಲ್ಲರಿಗೂ ಪರಿಚಿತವಾಗಿದೆ. ದಖನ್ನಿನ ಬಸಾಲ್ಟ್ ಪ್ರದೇಶದ ಮಟ್ಟಿಗೆ ಇದರಲ್ಲಿ ಬಹಳ ಸತ್ಯವುಂಟು. ಆದರೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಆ ಲಾವಾಶಿಲೆಯ ಮುಖ್ಯವಿಸ್ತಾರವು ಈ ನಾಲ್ಕು ತಾಲ್ಲೂಕುಗಳಿಗೆ ಬಡಗಣ ದಿಕ್ಕಿನಲ್ಲಿದೆ. ಇಲ್ಲಿಯ ತಳಶಿಲೆಯು ಬಹುಮಟ್ಟಿಗೆ ಅದಕ್ಕಿಂತಲೂ ಎಷ್ಟೋ ಹಳೆಯದಾದ ನೈಸ್ ಮತ್ತು ಗ್ರಾನೈಟು. ರಾಮನಗರದ ಹಿಂದಿನ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟೆಂದು ಪ್ರಸಿದ್ಧವಾದ, ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ವಯಸ್ಸಿನ ಶಿಲಾಪಟ್ಟಿಯು ತೆಂಕಣಿಂದ ಬಂದು ಈ ಸೀಮೆಯನ್ನು ಹಾಯುವುದು. ಕುಷ್ಟಗಿಯಿಂದ ಹುನಗುಂದದ ಕಡೆಗೆ ಕರಿಹಸುರು ಬಣ್ಣದ ಪದರುಶಿಲೆಗಳ ಪಟ್ಟಿಯೊಂದುಂಟು. ಹೀಗೆ ಬಸಾಲ್ಟಿನ ಆಧಾರವಿಲ್ಲದೆಯೇ ಎರೆಯು ಇಲ್ಲಿ ವಿಸ್ತಾರವಾಗಿ ಹರಡಿದೆಯೆಂಬುದು ವಿಚಾರಾರ್ಹವಾದ ಸಂಗತಿ. ನದಿಯ ಆಚೆಯ ಬಳ್ಳಾರಿಯ ಸೀಮೆಯಲ್ಲಿಯೂ ಸ್ಥಿತಿಯು ಇದೇ ಆಗಿದೆ.

ಈ ಬಂಡೆಗಳು ಎಷ್ಟು ನಿಧಾನವಾಗಿ ಸವೆಯುತ್ತವೆಂಬುದಕ್ಕೆ ಕೊಪ್ಪಳದಲ್ಲಿಯೇ ಕಾಲನಿರ್ದೇಶವುಳ್ಳ ಸಾಕ್ಷಿಯಿದೆ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಲಘುಶಿಲಾಶಾಸನಗಳು ೧೯೩೧ರಲ್ಲಿ ಬೆಳಕಿಗೆ ಬಂದುವು; ಮರುವರ್ಷ ಆರ್. ಎಲ್. ಟರ್ನರರು ಅವನ್ನು ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಕೆತ್ತಿ ಇಪ್ಪತ್ತೆರಡು ಶತಮಾನಗಳಾದರೂ ಗವಿಮಠದ ಅಕ್ಷರಗಳನ್ನು ಇಂದಿಗೂ ಓದಬಹುದು. ಪಾಲ್ಕಿಗುಂಡಿನ ಪಾಠವು ಬಹಳವಾಗಿ ಸವೆದಿದೆ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲಿ ಕಬ್ಬಿಣಯುಗದ ಜನರು ಪದರಾಗಿ ಎದ್ದ ಗ್ರಾನೈಟಿನ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಶಿಲಾಗೃಹಗಳೂ ಎರಡು ಸಾವಿರ ವರ್ಷಗಳನ್ನು ಮೀರಿ ನಿಂತಿವೆ.

ತೆರೆದ ಬಂಡೆಯು ಇಷ್ಟು ಕಾಲದಲ್ಲಿ ಕೆತ್ತಿದ ಅಕ್ಷರದ ಆಳದಷ್ಟನ್ನೂ ಕಳೆದುಕೊಳ್ಳದಿದ್ದರೆ, ಅದರ ಬುಡದಲ್ಲಿ ಆಳೆತ್ತರದ ಮಣ್ಣು ಹೇಗೆ ಬಂದಿತು? ಉತ್ತರವು ನೀರಿನಲ್ಲಿದೆ. ತೆರೆದ ಬಂಡೆಯ ಮೇಲೆ ಬಿದ್ದ ಮಳೆಯು ಗಳಿಗೆಯಲ್ಲಿ ಜಾರಿಹೋಗುವುದು; ಬಿಸಿಲು ಉಳಿದುದನ್ನು ಆರಿಸುವುದು. ಮಣ್ಣಿನೊಳಗೆ ಹುದುಗಿದ ಬಂಡೆಯಾದರೋ ತಿಂಗಳುಗಟ್ಟಲೆ ಒದ್ದೆಯಾಗಿರುವುದು. ಬೇರುಗಳೂ ಸೂಕ್ಷ್ಮಜೀವಿಗಳೂ ಬಿಡುವ ಇಂಗಾಲಾಮ್ಲವು ಆ ನೀರಿನಲ್ಲಿ ಕರಗಿ ಶಿಲೆಯನ್ನು ಒಳಗಿನಿಂದ ಸಡಿಲಿಸುವುದು. ಆದುದರಿಂದ ಒಮ್ಮೆ ಮಣ್ಣಿನ ತೆಳುಪದರವು ಹುಟ್ಟಿದ ಮೇಲೆ, ಅದೇ ತನ್ನ ಕೆಳಗೆ ಇನ್ನಷ್ಟು ಮಣ್ಣನ್ನು ಹುಟ್ಟಿಸುವುದು. ಹಾಗಿದ್ದರೂ ಇದು ಶತಮಾನಗಳ ಕಾರ್ಯವಲ್ಲ; ಸಾವಿರ, ಹತ್ತು ಸಾವಿರ ವರ್ಷಗಳ ಕಾರ್ಯ.

೩

ಎರೆಯ ಮೂಲವನ್ನು ಕುರಿತು ವಿದ್ವಾಂಸರಲ್ಲಿ ನೂರು ವರ್ಷಗಳಿಗೂ ಮೇಲ್ಪಟ್ಟು ಚರ್ಚೆ ನಡೆದಿದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣದೇಶವನ್ನು ಸಂಚರಿಸಿದ ಕ್ಯಾಪ್ಟನ್ ನ್ಯೂಬೋಲ್ಡನು ಎರೆಯು ನೀರಿನಡಿಯಲ್ಲಿ ಶೇಖರವಾದ ಕೆಸರೆಂದು ಭಾವಿಸಿದನು. ಸಮತಲವಾದ ಬಯಲುಗಳನ್ನೂ ಎಲ್ಲಿಯೂ ಒಂದೇ ಬಣ್ಣದ ನಯವಾದ ಮಣ್ಣನ್ನೂ ನೋಡಿದವರಿಗೆ ಆ ಭಾವನೆಯು ಸಹಜವೇ. ಭಾರತೀಯ ಭೂವಿಜ್ಞಾನ ಸಮೀಕ್ಷೆಯ ರಾಬರ್ಟ್ ಬ್ರೂಸ್ ಫುಟ್ಟರು ೧೮೭೬ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನೂ ೧೮೯೫ರಲ್ಲಿ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನೂ ವಿವರಿಸಿ ಬರೆದರು. ಈ ಎರಡು ಗ್ರಂಥಗಳ ನಡುವೆ ಕೊಪಣನಾಡು ಇಕ್ಕೆಲಗಳಿಂದಲೂ ಸುತ್ತುವರಿಯಲ್ಪಟ್ಟಂತೆ ಇದೆ. ಸರಕಾರದ ಕೃಷಿರಸಾಯನಜ್ಞರಾಗಿದ್ದ ಜೆ. ಡಬ್ಲ್ಯು. ಲೆದರರು ೧೮೯೮ರಲ್ಲಿ ಭಾರತದ ಮಣ್ಣುಗಳನ್ನು ಗಂಗಾ-ಸಿಂಧೂ ಮೆಕ್ಕಲು, ಎರೆ, ಕೆಂಪು, ಜಂಬಿಟ್ಟಿಗೆಯೆಂದು ನಾಲ್ಕಾಗಿ ವಿಂಗಡಿಸಿದರು. ಈ ವಿಂಗಡಣೆಯು ಉಪಯುಕ್ತವಾದುದಾದರೂ, ಎರೆ ಮತ್ತು ಕೆಂಪು ಎಂಬವು ಎರಡು ಪ್ರತ್ಯೇಕ ಜಾತಿಗಳೆಂಬ ಭಾವನೆಯನ್ನು ಅದು ಬಲಪಡಿಸಿತು.

ಅಷ್ಟರಲ್ಲಿ ಮಣ್ಣೆಂದರೆ ಪುಡಿಯಾದ ಕಲ್ಲಲ್ಲ, ಶಿಲೆ, ಹವೆ, ಜೀವರಾಶಿ, ನೆಲದ ಏರಿಳಿತ ಮತ್ತು ಕಾಲ ಇವೈದರ ಸಂಯೋಗದಿಂದ ಹುಟ್ಟುವ ಸ್ವತಂತ್ರ ವಸ್ತುವೆಂಬ ತತ್ತ್ವವನ್ನು ರಷ್ಯದ ದೊಕುಚಾಯೆವನು ಪ್ರತಿಪಾದಿಸಿದ್ದನು. ಅಲ್ಲಿಯ ಕರಿಯ ಮಣ್ಣನ್ನು ಕುರಿತ ಅವನ ಗ್ರಂಥವು ೧೮೮೩ರದು. ಪೂರ್ವ ಆಫ್ರಿಕದ ಮಣ್ಣುಗಳನ್ನು ಪರಿಶೀಲಿಸಿದ ಜೆಫ್ರಿ ಮಿಲ್ನ್ ಎಂಬವರು ೧೯೩೫ರಲ್ಲಿ ಇನ್ನೊಂದು ಹೆಜ್ಜೆಯನ್ನು ಮುಂದಿಟ್ಟರು. ಗುಡ್ಡದ ನೆತ್ತಿಯಿಂದ ಹಳ್ಳದವರೆಗೆ ಮಣ್ಣುಗಳು ಸರಪಣಿಯ ಕೊಂಡಿಗಳಂತೆ ಒಂದರಿಂದೊಂದು ಬದಲಾಗುತ್ತ ಹೋಗುವುವೆಂದೂ, ಶಿಲೆಯು ಒಂದೇ ಆಗಿದ್ದರೂ ನೀರಿನ ಗತಿಯಿಂದ ಈ ವ್ಯತ್ಯಾಸವು ಉಂಟಾಗುವುದೆಂದೂ ಅವರು ತೋರಿಸಿದರು. ೧೯೪೩ರಲ್ಲಿ ಎಸ್. ಪಿ. ರಾಯಚೌಧುರಿಯವರೂ ಅವರ ಸಹೋದ್ಯೋಗಿಗಳೂ ಕೊಯಮತ್ತೂರಿನ ಬಳಿ ಒಂದರ ಪಕ್ಕದಲ್ಲೊಂದಿರುವ ಕರಿಯ ಮತ್ತು ಕೆಂಪು ಮಣ್ಣುಗಳ ಖನಿಜಗಳನ್ನು ಹೋಲಿಸಿ ಪರೀಕ್ಷಿಸಿದರು. ಜೇಡಿಯ ಕಣಗಳೂ ಸ್ಫಟಿಕರಚನೆಯುಳ್ಳ ಖನಿಜಗಳೇ ಎಂಬುದು ೧೯೩೦ರ ಸುಮಾರಿಗೆ ಕ್ಷಕಿರಣಗಳ ಸಹಾಯದಿಂದ ಸಿದ್ಧವಾದ ಮೇಲೆ, ಬಣ್ಣದ ಚರ್ಚೆಯು ಖನಿಜಗಳ ಚರ್ಚೆಯಾಗಿ ಪರಿಣಮಿಸಿತು.

೪

ಗ್ರಾನೈಟಿನ ಒಂದು ತುಂಡನ್ನು ಬಿಸಿಲಿಗೆ ಹಿಡಿದರೆ ಅದರಲ್ಲಿ ಮೂರು ಬಗೆಯ ವಸ್ತುಗಳು ಕಾಣುವುವು. ಗಾಜಿನಂತಹ ಬೆಣಚು, ಬಿಳುಪು ಅಥವಾ ನಸುಗೆಂಪಿನ ಫೆಲ್ಡ್‌ಸ್ಪಾರ್, ಕಾಗೆಬಂಗಾರವೆಂದು ಜನರು ಕರೆಯುವ, ಹೊಳೆಯುವ ಪದರುಗಳ ಅಭ್ರಕ. ಇವು ಒಂದೇ ವೇಗದಿಂದ ಶಿಥಿಲವಾಗುವುದಿಲ್ಲ. ಸುಣ್ಣ ಮತ್ತು ಸೋಡಿಯಂ ಅಂಶವುಳ್ಳ ಫೆಲ್ಡ್‌ಸ್ಪಾರ್ ಹಾಗೂ ಕರಿಯ ಅಭ್ರಕಗಳು ಮೊದಲು ಸಡಿಲವಾಗುವುವು. ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಅನಂತರ. ಬೆಣಚು ಎಲ್ಲಕ್ಕೂ ಕಡೆಗೆ. ಈ ಕ್ರಮವನ್ನು ಅಮೆರಿಕದ ಗೋಲ್ಡಿಚ್ ಎಂಬ ಭೂವಿಜ್ಞಾನಿಯು ೧೯೩೮ರಲ್ಲಿ ನಿರೂಪಿಸಿದನು.

ಮಣ್ಣಿನ ಕಣಗಳನ್ನು ಗಾತ್ರದಿಂದ ಮರಳು, ರೇವೆ, ಜೇಡಿಯೆಂದು ವಿಂಗಡಿಸುವರು. ಸ್ವೀಡನಿನ ಆಟರ್ಬರ್ಗನ ಮಾನದಂತೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗಕ್ಕಿಂತ ಸಣ್ಣದೂ ಐನೂರನೆಯ ಒಂದು ಭಾಗಕ್ಕಿಂತ ದೊಡ್ಡದೂ ಆದುದು ರೇವೆ. ಹಲ್ಲಿನ ನಡುವೆ ಕರಕರಿಸುವುದು ಮರಳು; ಬೆರಳಿಗೆ ಅಂಟುವುದು ಜೇಡಿ; ಹಿಟ್ಟಿನಂತೆ ನುಣ್ಣಗಿದ್ದು ಅಂಟದೆ ಉದುರುವುದು ರೇವೆ. ಮರಳಿನಲ್ಲಿ ಖನಿಜಗಳು ಬಂಡೆಯಲ್ಲಿದ್ದಂತೆಯೇ ಇರುವುವು. ಜೇಡಿಯಲ್ಲಿ ಬಹುಪಾಲು ಹೊಸದಾಗಿ ಹುಟ್ಟಿದ ಖನಿಜಗಳೇ ಇರುವುವು. ಹಳೆಯದು ಹೊಸದಾಗುವ ಕಾರ್ಯವು ನಡುವಣ ರೇವೆಯಲ್ಲಿ ಬಿರುಸಾಗಿ ನಡೆಯುವುದು. ಇದಕ್ಕೆ ಕಾರಣವು ಸರಳವಾದುದು. ಒಂದು ಮಿಲಿಮೀಟರಿನ ಘನಾಕೃತಿಯ ಕಣವನ್ನು ಅದರ ನೂರನೆಯ ಒಂದು ಭಾಗದಷ್ಟು ಉದ್ದದ ಘನಗಳಾಗಿ ಒಡೆದರೆ, ವಸ್ತುವು ಅಷ್ಟೇ ಇದ್ದರೂ ನೀರಿಗೆ ತಾಗುವ ಮೈಯು ನೂರುಪಟ್ಟಾಗುವುದು. ಕಣವು ಸಣ್ಣದಾದಷ್ಟೂ ನೀರಿನ ಹಿಡಿತವು ಹೆಚ್ಚುವುದು.

ರೇವೆಯ ಗಾತ್ರದ ಅಭ್ರಕದಲ್ಲಿ ಆಗುವ ಬದಲಾವಣೆಯು ಇದಕ್ಕೆ ಉತ್ತಮ ನಿದರ್ಶನ. ಅಭ್ರಕದ ಪದರುಗಳನ್ನು ಪೊಟ್ಯಾಸಿಯಂ ಅಣುಗಳು ಬಿಗಿದು ಹಿಡಿದಿರುವುವು. ಮಣ್ಣಿನ ನೀರಿನಲ್ಲಿ ಕರಗಿದ ಸುಣ್ಣ ಮತ್ತು ಮೆಗ್ನೀಷಿಯಂಗಳು ಅಂಚಿನಿಂದ ಒಳಹೊಕ್ಕು ಆ ಪೊಟ್ಯಾಸಿಯಂ ಅನ್ನು ಹೊರದೂಡುವುವು. ಹೊರಬಿದ್ದುದು ಪೈರಿಗೆ ಆಹಾರವಾಗುವುದು. ಕಟ್ಟು ಸಡಿಲಿದ ಪದರುಗಳು ಹೊತ್ತಗೆಯ ಹಾಳೆಗಳಂತೆ ಬಿಚ್ಚಿಕೊಂಡು ಮೊದಲು ವರ್ಮಿಕ್ಯುಲೈಟ್, ಅನಂತರ ಸ್ಮೆಕ್ಟೈಟ್ ಎಂಬ ಖನಿಜಗಳಾಗುವುವು. ಫೆಲ್ಡ್‌ಸ್ಪಾರಿನ ಗತಿ ಬೇರೆ. ಅದಕ್ಕೆ ಪದರುಗಳಿಲ್ಲ, ಅದು ಕರಗಿ, ಕರಗಿದ ಸಿಲಿಕ ಮತ್ತು ಅಲ್ಯುಮಿನಗಳು ಪುನಃ ಕೂಡಿ ಹೊಸ ಖನಿಜವಾಗಬೇಕು. ಯಾವ ಖನಿಜವಾಗಬೇಕೆಂಬುದನ್ನು ಆ ಸ್ಥಳದಲ್ಲಿ ನೀರು ನಿಲ್ಲುವುದೋ ಹರಿದುಹೋಗುವುದೋ ಎಂಬುದೇ ನಿರ್ಣಯಿಸುವುದು.

ದಿನ್ನೆಯ ಮೇಲೆ ನೀರು ಇಂಗಿ ಕೆಳಗಿಳಿಯುವಾಗ ಕರಗಿದ ಸಿಲಿಕವನ್ನೂ ಸುಣ್ಣ, ಮೆಗ್ನೀಷಿಯಂ, ಸೋಡಿಯಂಗಳನ್ನೂ ತನ್ನೊಡನೆ ಒಯ್ಯುವುದು. ಸಿಲಿಕದ ಒಂದು ಹಾಳೆಗೆ ಅಲ್ಯುಮಿನದ ಒಂದು ಹಾಳೆಯಂತೆ ಕೂಡಿದ ಕೇಯೋಲಿನೈಟ್ ಎಂಬ ಸೌಮ್ಯಖನಿಜವು ಅಲ್ಲಿ ಉಳಿಯುವುದು. ಕಬ್ಬಿಣವು ಗಾಳಿಯೊಡನೆ ಕೂಡಿ ತುಕ್ಕಾಗಿ ಕಣಗಳಿಗೆ ಕೆಂಪು ಲೇಪವನ್ನು ಕೊಡುವುದು. ಇದೇ ಮಸಾರಿ. ದಿನ್ನೆಯು ಕಳೆದುಕೊಂಡುದು ತಗ್ಗಿನಲ್ಲಿ ಬಂದು ಸೇರುವುದು. ಅಲ್ಲಿ ಸಿಲಿಕಕ್ಕೂ ಸುಣ್ಣಕ್ಕೂ ಕೊರತೆಯಿಲ್ಲ. ಆದುದರಿಂದ ಅಲ್ಯುಮಿನದ ಒಂದು ಹಾಳೆಯನ್ನು ಸಿಲಿಕದ ಎರಡು ಹಾಳೆಗಳ ನಡುವೆ ಇಟ್ಟಂತಹ ಸ್ಮೆಕ್ಟೈಟ್ ಬೆಳೆಯುವುದು. ಇದು ನೀರು ಕುಡಿದರೆ ಉಬ್ಬುವುದು, ಆರಿದರೆ ಕುಗ್ಗಿ ಬಿರಿಯುವುದು. ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿಯಲ್ಲಿ ಕೇಯೋಲಿನೈಟಿಗಿಂತ ಸುಮಾರು ಹತ್ತುಪಟ್ಟು ಮಿಗಿಲು. ಬೇಸಗೆಯಲ್ಲಿ ಎರೆಹೊಲವು ಬಾಯ್ಬಿಡುವುದೂ, ಮುಂಗಾರಿನಲ್ಲಿ ಕುಡಿದ ನೀರನ್ನು ಹಿಡಿದಿಟ್ಟುಕೊಂಡು ಹಿಂಗಾರಿನ ಬಿಳಿಜೋಳವನ್ನೂ ಕಡಲೆಯನ್ನೂ ಬೆಳೆಯುವುದೂ ಈ ಗುಣದಿಂದಲೇ. ಎರೆಯ ಕರಿಯ ಬಣ್ಣವು ಜೈವಿಕಾಂಶದ ಸಮೃದ್ಧಿಯ ಗುರುತಲ್ಲ. ಅಲ್ಲಿಯ ಜೈವಿಕ ಇಂಗಾಲವು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತಲೂ ಕಡಮೆ. ಆ ಅಲ್ಪವು ಜೇಡಿಯೊಡನೆ ಗಾಢವಾಗಿ ಬೆಸೆದುಕೊಂಡು ಬಣ್ಣವನ್ನು ಕೊಡುವುದು.

ತಗ್ಗಿಗೆ ಬಂದ ಸುಣ್ಣವೆಲ್ಲವೂ ಜೇಡಿಯಲ್ಲಿ ಸೇರುವುದಿಲ್ಲ. ವರ್ಷಕ್ಕೆ ೬೦೦ ಮಿಲಿಮೀಟರಿಗೆ ಹೆಚ್ಚುಕಡಮೆಯಾದ ಈ ನಾಡಿನ ಮಳೆಯು ಅದನ್ನು ತೊಳೆದುಕೊಂಡು ಹೋಗಲು ಸಾಲದು. ನೀರು ಆವಿಯಾದಾಗ ಸುಣ್ಣವು ಗಟ್ಟಿಯಾಗಿ, ಎರೆಯನ್ನು ಅಗೆದವರೆಲ್ಲರೂ ಬಲ್ಲ ಸುಣ್ಣದ ಹರಳುಗಳಾಗುವುದು. ಸುಣ್ಣವು ಹೀಗೆ ಹರಳಾದಂತೆಲ್ಲ, ಕರಗಿಯೇ ಉಳಿಯುವ ಸೋಡಿಯಂನ ಪ್ರಾಬಲ್ಯವು ಜೇಡಿಯ ಮೇಲೆ ಹೆಚ್ಚುತ್ತ ಬರುವುದು. ಸವುಳಿನ ಬೀಜವು ಇಲ್ಲಿದೆ. ಅದು ಬಹುಮಟ್ಟಿಗೆ ಹೊರಗಿನಿಂದ ಬಂದ ಉಪ್ಪಲ್ಲ. ಮಸಾರಿಯನ್ನೂ ಎರೆಯನ್ನೂ ಹುಟ್ಟಿಸಿದ ಅದೇ ಫೆಲ್ಡ್‌ಸ್ಪಾರಿನ ಮೂರನೆಯ ಶೇಷ.

ಇಲ್ಲಿ ಕಾಲದ ವಿಷಯವಾಗಿ ಒಂದು ಮಾತನ್ನು ಸೇರಿಸಬೇಕು. ಇಂದಿನ ಅಲ್ಪವೃಷ್ಟಿಯಿಂದ ಇಷ್ಟೊಂದು ಸ್ಮೆಕ್ಟೈಟ್ ಹುಟ್ಟಲಾರದು. ಹಿಂದಣ ಯಾವುದೋ ಹೆಚ್ಚು ತೇವದ ಕಾಲದಲ್ಲಿ ಅದರ ಬಹುಭಾಗವು ಹುಟ್ಟಿ, ಅನಂತರದ ಒಣಹವೆಯಲ್ಲಿ ಕೆಡದೆ ಉಳಿದಿರಬೇಕೆಂದು ಜೇಡಿಖನಿಜಗಳನ್ನು ಅಭ್ಯಾಸಮಾಡಿದವರು ಅಭಿಪ್ರಾಯಪಡುತ್ತಾರೆ. ಹಾಗಾದರೆ ಎರೆಯು ಇಂದಿನ ಹವೆಯ ಉತ್ಪತ್ತಿಯಲ್ಲ, ಗತಕಾಲದ ಹವೆಯ ಪಿತ್ರಾರ್ಜಿತ. ಕಳೆದುಕೊಂಡರೆ ಈ ಮಳೆಯಲ್ಲಿ ಮತ್ತೆ ಬರತಕ್ಕುದಲ್ಲ.

೫

ಮಣ್ಣಿನ ಈ ವ್ಯವಸ್ಥೆಯನ್ನು ಖನಿಜಗಳ ಹೆಸರನ್ನರಿಯದ ಪೂರ್ವಿಕರು ವ್ಯವಹಾರದಿಂದ ಅರಿತಿದ್ದರು. ದಿನ್ನೆಯ ಮಸಾರಿಯಿಂದ ಕೊಚ್ಚಿಬಂದ ರೇವೆಯು ತಗ್ಗಿನ ಕೆರೆಯಲ್ಲಿ ನಿಲ್ಲುವುದು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಆ ಗೋಡುಮಣ್ಣನ್ನು ಬಂಡಿಗಳಲ್ಲಿ ಹೇರಿ ಮಸಾರಿಯ ಹೊಲಕ್ಕೆ ಹಾಕುವುದು ಕನ್ನಡನಾಡಿನ ಹಳೆಯ ಪದ್ಧತಿ. ಇದರಿಂದ ಕೆರೆಗೆ ಆಳವೂ ಹೊಲಕ್ಕೆ ಸಾರವೂ ದೊರೆಯುವುವು. ಖನಿಜದ ದೃಷ್ಟಿಯಿಂದ ನೋಡಿದರೆ, ನೀರು ಕೆಳಕ್ಕೊಯ್ದ ಅಭ್ರಕ, ಫೆಲ್ಡ್‌ಸ್ಪಾರ್, ಜೇಡಿಗಳನ್ನು ಮನುಷ್ಯನು ಮತ್ತೆ ಮೇಲಕ್ಕೊಯ್ಯುವ ಕಾರ್ಯವಿದು. ಕೆರೆಗಳನ್ನು ಸುಸ್ಥಿತಿಯಲ್ಲಿಡುವುದಕ್ಕಾಗಿ ಬಿಟ್ಟ ಬಿತ್ತುವಟ್ಟ, ಕೆರೆಗೊಡಗೆ ಮೊದಲಾದ ದತ್ತಿಗಳೂ, ಹೂಳೆತ್ತುವ ಬಂಡಿಗಾಗಿ ಮಾಡಿದ ಏರ್ಪಾಡುಗಳೂ ಕರ್ಣಾಟಕದ ಶಾಸನಗಳಲ್ಲಿ ಕಾಣಬರುವುವು. ಇವನ್ನು ಕೇವಲ ನೀರಾವರಿಯ ಇತಿಹಾಸವೆಂದು ಓದುವುದು ಅರ್ಧ ಓದಿದಂತೆ. ಇವು ಮಣ್ಣಿನ ಇತಿಹಾಸವೂ ಹೌದು.

ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಲ್ಲಲ್ಲಿ ಅಣೆಗಳನ್ನು ಕಟ್ಟಿ ಎಡದಂಡೆಯಲ್ಲಿ ಆನೆಗುಂದಿ, ಗಂಗಾವತಿ, ಹುಲಿಗಿ, ಶಿವಪುರ ಮೊದಲಾದ ಕಾಲುವೆಗಳನ್ನು ತೆಗೆದರು. ಈ ಕಾಲುವೆಗಳು ನದಿಯನ್ನು ಬಿಟ್ಟು ಬಹಳ ದೂರ ಹೋಗುವುದಿಲ್ಲ. ಅವು ನೀರುಣಿಸುವ ನೆಲವು ಬಹುಮಟ್ಟಿಗೆ ದಂಡೆಯ ಮೆಕ್ಕಲು. ಗದ್ದೆಯಲ್ಲಿ ಮಿಕ್ಕ ನೀರಿಗೆ ನದಿಗೆ ಮರಳುವ ದಾರಿಯು ಹತ್ತಿರವಾಗಿಯೂ ಇಳಿಜಾರಾಗಿಯೂ ಇದೆ. ಪ್ರವಾಹಕಾಲದಲ್ಲಿ ನದಿಯು ಹೊಸ ರೇವೆಯನ್ನು ತಂದು ಹರಡುತ್ತಿದ್ದಿತು. ನೀರು ಬರುವ ದಾರಿಯಂತೆಯೇ ಹೋಗುವ ದಾರಿಯೂ ಇದ್ದುದು ಈ ಹಳೆಯ ನೀರಾವರಿಯ ಗುಣ.

೬

ತುಂಗಭದ್ರೆಗೆ ದೊಡ್ಡ ಅಣೆಕಟ್ಟನ್ನು ಕಟ್ಟುವ ವಿಚಾರವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇದ್ದುದೇ. ಮದರಾಸು ಮತ್ತು ಹೈದರಾಬಾದ್ ಸರಕಾರಗಳು ೧೯೪೪ರಲ್ಲಿ ಒಪ್ಪಂದಕ್ಕೆ ಬಂದುವು. ೧೯೪೫ರ ಫೆಬ್ರವರಿಯಲ್ಲಿ ಎರಡು ದಂಡೆಗಳಲ್ಲಿಯೂ ಅಸ್ತಿಭಾರವನ್ನಿಟ್ಟರು. ೧೯೫೩ರಲ್ಲಿ ಕಾಲುವೆಗಳಿಗೆ ನೀರನ್ನು ಬಿಟ್ಟರು. ಮುನಿರಾಬಾದಿನಿಂದ ಹೊರಟ ಎಡದಂಡೆಯ ಕಾಲುವೆಯು ಗಂಗಾವತಿಯನ್ನು ದಾಟಿ ಸಿಂಧನೂರು, ಮಾನ್ವಿ, ರಾಯಚೂರುಗಳ ಕಡೆಗೆ ಇನ್ನೂರು ಕಿಲೋಮೀಟರುಗಳಿಗೂ ಹೆಚ್ಚು ದೂರ ಹರಿಯುವುದು. ಬರಪೀಡಿತವಾದ ವಿಶಾಲಪ್ರದೇಶಕ್ಕೆ ಸ್ವಲ್ಪಸ್ವಲ್ಪವಾಗಿ ನೀರನ್ನು ಹಂಚಿ ಜೋಳ, ಹತ್ತಿ ಮುಂತಾದ ಬೆಳೆಗಳನ್ನು ರಕ್ಷಿಸಬೇಕೆಂಬುದು ಯೋಜನೆಯ ಮುಖ್ಯೋದ್ದೇಶವಾಗಿದ್ದಿತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವೇ ಪ್ರಧಾನವಾಯಿತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದ ರೈತರು ಭತ್ತದ ಬೇಸಾಯದಲ್ಲಿ ನಿಪುಣರಾಗಿದ್ದರು; ಸ್ಥಳೀಯರೂ ಅದನ್ನು ಕೈಕೊಂಡರು. ಗಂಗಾವತಿಗೆ ಭತ್ತದ ಕಣಜವೆಂಬ ಖ್ಯಾತಿಯು ಬಂದಿತು. ಹಸಿವನ್ನು ಕಂಡ ನಾಡಿಗೆ ಇದು ಸಣ್ಣ ಲಾಭವಲ್ಲ.

ಆದರೆ ಮಣ್ಣಿನ ಮಟ್ಟಿಗೆ ಇದು ಹವೆಯೇ ಬದಲಾದಂತಾಯಿತು. ೬೦೦ ಮಿಲಿಮೀಟರು ಮಳೆಗೆ ಹೊಂದಿಕೊಂಡಿದ್ದ ನೆಲವು ಅದರ ಎಷ್ಟೋ ಪಾಲು ನೀರನ್ನು ವರ್ಷವರ್ಷವೂ ಹೊರಬೇಕಾಯಿತು. ಎರೆಯು ಉಬ್ಬಿದ ಮೇಲೆ ನೀರನ್ನು ಕೆಳಕ್ಕೆ ಬಿಡುವುದು ಬಹಳ ನಿಧಾನ. ನದಿಯ ದಾರಿಯೂ ಇಲ್ಲಿ ದೂರ. ಅಂತರ್ಜಲವು ಮೇಲೇರಿತು. ಸಹಸ್ರಾರು ವರ್ಷಗಳಿಂದ ಕೆಳಪದರಗಳಲ್ಲಿ ಸೇರಿದ್ದ ಉಪ್ಪು ಅದರೊಡನೆ ಮೇಲೇರಿತು. ನೀರು ಆವಿಯಾಗಿ ಉಪ್ಪು ಮೇಲೆ ಉಳಿಯಿತು. ಸೋಡಿಯಂ ಹೆಚ್ಚಿದ ಕಡೆಗಳಲ್ಲಿ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದರಿ ಮಣ್ಣಿನ ರಂಧ್ರಗಳನ್ನು ಮುಚ್ಚುವುವು. ಆಗ ನೀರೂ ಗಾಳಿಯೂ ಬೇರಿಗೆ ತಲಪುವುದಿಲ್ಲ. ನೀರು ನಿಂತ ಮಸಾರಿಯಲ್ಲಿಯೂ ಬದಲಾವಣೆಯುಂಟು. ಗಾಳಿಯಿಲ್ಲದ ಕೆಸರಿನಲ್ಲಿ ಕಬ್ಬಿಣದ ತುಕ್ಕು ಕರಗಿ, ಕೆಂಪು ಹೋಗಿ ಬೂದುಬಣ್ಣವು ಬರುವುದು. ತುಂಗಭದ್ರ ಅಚ್ಚುಕಟ್ಟಿನಲ್ಲಿ ಹತ್ತಾರು ಸಾವಿರ ಹೆಕ್ಟೇರುಗಳು ಸವುಳು ಜವುಳುಗಳ ಪಾಲಾಗಿವೆ. ಗಂಗಾವತಿಯ ಕೃಷಿ ಸಂಶೋಧನಕೇಂದ್ರವು ನೆಲದಡಿಯಲ್ಲಿ ರಂಧ್ರವುಳ್ಳ ಕೊಳವೆಗಳನ್ನು ಹೂಳಿ ನೀರನ್ನು ಬಸಿಯುವ ಕ್ರಮ, ಜಿಪ್ಸಂ ಹಾಕಿ ಸೋಡಿಯಂನ ಸ್ಥಾನದಲ್ಲಿ ಸುಣ್ಣದ ಅಂಶವನ್ನು ತರುವ ಕ್ರಮ, ಹಸುರುಗೊಬ್ಬರದ ಬಳಕೆ ಮೊದಲಾದುವನ್ನು ಪ್ರಯೋಗಿಸುತ್ತ ಬಂದಿದೆ. ಇವುಗಳಲ್ಲಿ ಬಸಿಗಾಲುವೆಯೇ ಮೂಲಚಿಕಿತ್ಸೆ. ಹೋಗುವ ದಾರಿಯಿಲ್ಲದಿದ್ದರೆ ಜಿಪ್ಸಂ ಬಿಡಿಸಿದ ಸೋಡಿಯಂ ಅಲ್ಲಿಯೇ ಉಳಿಯುವುದು.

ಇನ್ನೊಂದು ನಷ್ಟವು ಕಣ್ಣಿಗೆ ಕಾಣದು. ನದಿಯು ದಂಡೆಗೆ ಹರಡುತ್ತಿದ್ದ ರೇವೆಯ ಬಹುಭಾಗವು ಈಗ ಅಣೆಕಟ್ಟಿನ ಹಿಂದೆ ನಿಲ್ಲುವುದು. ಆರಂಭದಲ್ಲಿ ಸುಮಾರು ೧೩೩ ಶತಕೋಟಿ ಘನ ಅಡಿ ನೀರನ್ನು ಹಿಡಿಯುತ್ತಿದ್ದ ಜಲಾಶಯವು ೨೦೧೬ರ ಮೋಜಣಿಯ ವೇಳೆಗೆ ೧೦೫.೭೯ ಶತಕೋಟಿ ಘನ ಅಡಿಗೆ ಇಳಿದಿದ್ದಿತು. ಈ ಹೂಳಿನ ಚರ್ಚೆಯಲ್ಲಿ ಕಳೆದುಹೋದ ನೀರಿನ ಲೆಕ್ಕವು ಮಾತ್ರ ಕೇಳಿಬರುವುದು. ಹೂಳು ಮೇಲ್ಸೀಮೆಯ ಹೊಲಗಳು ಕಳೆದುಕೊಂಡ, ಕೆಳಸೀಮೆಯ ಹೊಲಗಳಿಗೆ ತಲಪದೆ ನಿಂತ, ಇನ್ನೂ ಪೂರ್ತಿಯಾಗಿ ಜೀರ್ಣವಾಗದ ಖನಿಜಗಳ ರಾಶಿಯೆಂಬುದನ್ನು ಲೆಕ್ಕಕ್ಕೆ ಸೇರಿಸಬೇಕಾಗಿದೆ.

೭

ಮೇಲ್ಕಂಡ ವಿಚಾರಗಳಿಂದ ಸಿದ್ಧವಾಗುವುದೇನೆಂದರೆ, ಕೊಪಣನಾಡಿನಲ್ಲಿ ಎರೆ, ಮಸಾರಿ, ಸವುಳುಗಳು ಬಹುಮಟ್ಟಿಗೆ ಒಂದೇ ಶಿಲೆಯ ಸಂತತಿ. ಬಸಾಲ್ಟಿಲ್ಲದೆ ಎರೆಯಿಲ್ಲವೆಂಬ ಮಾತು ಇಲ್ಲಿ ಸಲ್ಲದು. ಎರೆಯೆಂಬುದು ಕಲ್ಲಿನ ಜಾತಿಗಿಂತ ಹೆಚ್ಚಾಗಿ ಇಳಿಜಾರಿನಲ್ಲಿ ಆ ಹೊಲಕ್ಕಿರುವ ಸ್ಥಾನವನ್ನೂ ಅಲ್ಲಿ ನೀರು ನಡೆದುಕೊಂಡ ರೀತಿಯನ್ನೂ ತಿಳಿಸುವ ಪದ.

ಇದರಿಂದ ಶಾಸನಗಳ ಅಧ್ಯಯನಕ್ಕೆ ಒಂದು ಪ್ರಯೋಜನವುಂಟು. ಒಂದು ದತ್ತಿಯಲ್ಲಿ ಎರೆ ಮತ್ತು ಕಿಸುನೆಲಗಳು ಜೊತೆಯಾಗಿ ಬಂದಾಗ, ದಾನಿಯು ಎರಡು ದೂರದ ಸ್ಥಳಗಳಿಂದ ಭೂಮಿಯನ್ನು ಕೂಡಿಸಿ ಕೊಟ್ಟನೆಂದು ಊಹಿಸಬೇಕಾದುದಿಲ್ಲ. ಒಂದೇ ಇಳಿಜಾರಿನ ಮೇಲು ಕೆಳಗುಗಳಲ್ಲಿ, ಒಂದೇ ಊರಿನ ಎಲ್ಲೆಯೊಳಗೆ, ಅವೆರಡೂ ಇರುವುದು ಸಹಜ. ಮುಂಗಾರು ಕೆಟ್ಟರೆ ಹಿಂಗಾರಿನ ಎರೆಯೂ, ಹಿಂಗಾರು ಕೆಟ್ಟರೆ ಮುಂಗಾರಿನ ಮಸಾರಿಯೂ ದೇವಸ್ಥಾನದ ನಂದಾದೀವಿಗೆಯನ್ನೋ ಛತ್ರದ ಅನ್ನವನ್ನೋ ನಡೆಸಬಲ್ಲುವಾದುದರಿಂದ, ಎರಡನ್ನೂ ಸೇರಿಸಿ ಬಿಡುವುದರಲ್ಲಿ ವಿವೇಕವೂ ಇದ್ದಿತು. ಎಲ್ಲೆಗಳನ್ನು ಗುರುತಿಸಹೊರಟ ಸಂಶೋಧಕರು ಹಳ್ಳದ ಹೆಸರಿನೊಡನೆ ಮಣ್ಣಿನ ಹೆಸರನ್ನೂ ಹಿಡಿದು ಇಳಿಜಾರನ್ನು ನಡೆದು ನೋಡಿದರೆ, ಪದಕೋಶದಿಂದ ಬಿಡಿಸಲಾಗದ ಎಷ್ಟೋ ಗಂಟುಗಳು ಬಿಡುವುವು.

ಕಾಲುವೆಯ ಸೀಮೆಯಲ್ಲಿ ಮಾತ್ರ ಈ ಪರೀಕ್ಷೆಗೆ ಅವಕಾಶವು ಕಡಮೆಯಾಗುತ್ತಿದೆ. ಅಲ್ಲಿ ದಿನ್ನೆಯನ್ನು ಕಡಿದು ಸಮಮಾಡಿದ್ದಾರೆ. ಮಸಾರಿಯು ಬೂದುಬಣ್ಣಕ್ಕೆ ತಿರುಗಿದೆ. ಎರೆಯ ಮೇಲೆ ಉಪ್ಪಿನ ಬಿಳುಪು ಕಾಣಿಸುತ್ತಿದೆ. ನೀರು ಬಾರದ ಹೊಲಗಳಲ್ಲಿ ಒಂಬೈನೂರು ವರ್ಷಗಳ ಹಿಂದೆ ಶಾಸನಕಾರನು ಬರೆದ ಮಣ್ಣಿನ ಹೆಸರು ಇಂದಿಗೂ ಹೊಂದುವುದು. ನೀರು ಬಂದ ಹೊಲಗಳಲ್ಲಿ ಎಪ್ಪತ್ತು ವರ್ಷಗಳ ಹಿಂದಿನ ಹೆಸರೇ ಹೊಂದದಾಗಿದೆ. ಆದುದರಿಂದ ಗಂಗಾವತಿಯ ಸೀಮೆಯ ಭೂದಾನಶಾಸನಗಳು ಇತಿಹಾಸಕಾರರಿಗೆ ಮಾತ್ರ ಬೇಕಾದುವಲ್ಲ. ಯಾವ ಹೊಲವು ಸವುಳಾಗುವ ಮೊದಲು ಏನಾಗಿದ್ದಿತೆಂಬುದಕ್ಕೆ ಅವು ಬರೆದಿಟ್ಟ ಸಾಕ್ಷಿಗಳು. ಬಸಿಗಾಲುವೆಯನ್ನು ಎಲ್ಲಿ ತೆಗೆಯಬೇಕೆಂದು ಆಲೋಚಿಸುವವರಿಗೂ ಅವುಗಳಿಂದ ಉಪಯೋಗವಾಗಬಹುದು. ಈ ದೃಷ್ಟಿಯಿಂದ ನಾಲ್ಕು ತಾಲ್ಲೂಕುಗಳ ಶಾಸನಗಳಲ್ಲಿ ಬರುವ ಮಣ್ಣಿನ ಹೆಸರುಗಳನ್ನೆಲ್ಲ ಊರಿನ ಎಲ್ಲೆಗಳೊಡನೆ ಪಟ್ಟಿಮಾಡಿ, ಆಯಾ ಹೊಲಗಳ ಮಣ್ಣನ್ನು ಪರೀಕ್ಷೆಮಾಡಿಸುವ ಕಾರ್ಯವನ್ನು ಶಾಸನಜ್ಞರೂ ಕೃಷಿವಿಜ್ಞಾನಿಗಳೂ ಕೂಡಿ ಕೈಕೊಳ್ಳುವುದು ಅವಶ್ಯಕವಾಗಿದೆ.